ಬಯಲಿನಲ್ಲಿ ಹೊಡೆದಾಟದ ದೃಶ್ಯ: ಏಟು ತಾಗದೆ ಏಟು ಕಾಣಿಸುವುದು ಹೇಗೆ?

ಪ್ರಶ್ನೆ: ನಾನು ದಾವಣಗೆರೆಯ ಕಾಲೇಜೊಂದರಲ್ಲಿ ಪತ್ರಿಕೋದ್ಯಮ ವಿಭಾಗದ ಅಂತಿಮ ವರ್ಷದ ವಿದ್ಯಾರ್ಥಿ. ಪ್ರಾಜೆಕ್ಟಿಗಾಗಿ ಹನ್ನೆರಡು ನಿಮಿಷದ ಕಿರುಚಿತ್ರ ಮಾಡುತ್ತಿದ್ದೇವೆ. ಜಮೀನಿನ ಪಾಲಿನ ವಿಷಯದಲ್ಲಿ ಮನಸ್ತಾಪ ಬೆಳೆದ ಅಣ್ಣ ತಮ್ಮಂದಿರು ಬತ್ತಿದ ಕೆರೆಯಂಗಳದಲ್ಲಿ ಹೊಡೆದಾಡುವ ಮೂರು ನಿಮಿಷದ ದೃಶ್ಯ ಅದರ ಕೊನೆಯಲ್ಲಿ ಬರುತ್ತದೆ. ಫೆಬ್ರವರಿಯ ಒಂದೇ ದಿನದಲ್ಲಿ ಅದನ್ನು ಚಿತ್ರೀಕರಿಸಬೇಕು. ನಮ್ಮ ಬಳಿ ಒಂದು ಡಿಎಸ್‌ಎಲ್‌ಆರ್ ಕ್ಯಾಮೆರಾ ಮತ್ತು ಎರಡು ಮೊಬೈಲ್‌ಗಳಿವೆ. ಫೈಟ್ ಮಾಸ್ಟರ್ ಇಲ್ಲ. ಕಾಲೇಜಿನ ಮೈದಾನದಲ್ಲಿ ಪ್ರಯತ್ನಿಸಿದಾಗ ಏಟುಗಳೆಲ್ಲ ಸುಳ್ಳೆಂದು ಗೊತ್ತಾಗುತ್ತಿತ್ತು. ಆದ್ದರಿಂದ ನಟಿಸುವ ಗೆಳೆಯರು ಸ್ವಲ್ಪ ನಿಜವಾಗಿಯೇ ಹೊಡೆದುಕೊಳ್ಳುತ್ತೇವೆ ಎನ್ನುತ್ತಿದ್ದಾರೆ. ಹಾಗೆ ಮಾಡಬಹುದೇ? ಬಿಸಿಲು, ಕುಡುಗೋಲಿನ ಬಳಕೆ, ಅನುಮತಿ ಇವುಗಳ ಬಗ್ಗೆಯೂ ದಯವಿಟ್ಟು ತಿಳಿಸಿ.

ಉತ್ತರ: ನಿಮ್ಮ ಮುಖ್ಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ನಿಜವಾಗಿ ಹೊಡೆದುಕೊಳ್ಳಲು ಬಿಡಬೇಡಿ, ಸ್ವಲ್ಪವೂ ಬೇಡ. ಗಾಯದ ಭಯ ಒಂದು ಕಾರಣವಾದರೆ, ನಿಜವಾದ ಏಟು ಪರದೆಯ ಮೇಲೆ ನಿಜವೆಂದು ಕಾಣುವುದಿಲ್ಲ ಎಂಬುದು ಇನ್ನೊಂದು ಕಾರಣ. ಏಟು ಬೀಳಲಿದೆ ಎಂದು ಗೊತ್ತಿರುವವನು ಅದು ತಾಗುವ ಮೊದಲೇ ಕಣ್ಣು ಮುಚ್ಚಿ, ಹೆಗಲು ಬಿಗಿ ಹಿಡಿದು, ತಲೆಯನ್ನು ಹಿಂದಕ್ಕೆಳೆದುಕೊಳ್ಳುತ್ತಾನೆ. ಹೊಡೆಯುವವನು ಗೆಳೆಯನಿಗೆ ನೋವಾದೀತೆಂದು ಕೊನೆಯ ಗಳಿಗೆಯಲ್ಲಿ ಕೈ ತಡೆಯುತ್ತಾನೆ. ಈ ಎರಡು ಅಳುಕುಗಳನ್ನೂ ಕ್ಯಾಮೆರಾ ತಪ್ಪದೆ ಹಿಡಿಯುತ್ತದೆ, ಮತ್ತು ಪ್ರೇಕ್ಷಕರಿಗೆ ಸುಳ್ಳೆಂದು ಅನಿಸುವುದು ಅಲ್ಲಿಯೇ. ಮೇಲಾಗಿ ಒಂದೊಂದು ಶಾಟ್‌ಗೂ ನಾಲ್ಕಾರು ಟೇಕ್ ಬೇಕಾಗುತ್ತದೆ. ಮೊದಲ ಟೇಕ್‌ನಲ್ಲಿ ಸಹಿಸಿದ ಏಟನ್ನು ನಾಲ್ಕನೆಯದರಲ್ಲಿ ಯಾರೂ ಅದೇ ಮನಸ್ಸಿನಿಂದ ಸಹಿಸುವುದಿಲ್ಲ. ಗೆಳೆಯರ ನಡುವೆಯೇ ಸಿಟ್ಟು ನಿಜವಾಗತೊಡಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಕಪಾಳಮೋಕ್ಷದ ಬಗ್ಗೆ ಎಚ್ಚರಿಸಬೇಕು. ಅದನ್ನು ನಿರುಪದ್ರವಿ ಎಂದು ಬಹಳ ಮಂದಿ ಭಾವಿಸುತ್ತಾರೆ. ಅಂಗೈ ಕಿವಿಯ ಮೇಲೆ ಚಪ್ಪಟೆಯಾಗಿ ಬಿದ್ದರೆ ಕಿವಿಯ ನಾಳದೊಳಗಿನ ಗಾಳಿ ಒಮ್ಮೆಲೇ ಒತ್ತಲ್ಪಟ್ಟು ಕಿವಿತಮಟೆ ಹರಿಯುವ ಸಾಧ್ಯತೆಯಿದೆ.

ಹಾಗಾದರೆ ನಿಮ್ಮ ಪ್ರಯತ್ನದಲ್ಲಿ ಏಟುಗಳು ಸುಳ್ಳೆನಿಸಿದ್ದು ಏಕೆ? ಹೊಡೆಯುವವನ ವೇಗವನ್ನೇ ನೀವು ತಿದ್ದುತ್ತಾ ಹೋದಿರಿ ಎಂದು ನನ್ನ ಊಹೆ. ತೆರೆಯ ಮೇಲಿನ ಏಟನ್ನು ಹುಟ್ಟಿಸುವವನು ಏಟು ತಿನ್ನುವವನು. ಮುಷ್ಟಿ ಹಾದುಹೋದ ಕ್ಷಣದಲ್ಲಿ ಅವನ ಗದ್ದ ಯಾವ ಕಡೆ ತಿರುಗಿತು, ಗದ್ದದ ಹಿಂದೆ ಹೆಗಲು, ಹೆಗಲಿನ ಹಿಂದೆ ಸೊಂಟ, ಆಮೇಲೆ ಪಾದ ಹೇಗೆ ಸರಿದವು, ಉಸಿರು ಹೇಗೆ ಹೊರಬಿತ್ತು ಎಂಬುದರಿಂದಲೇ ಪ್ರೇಕ್ಷಕರು ಏಟಿನ ತೂಕವನ್ನು ಅಳೆಯುತ್ತಾರೆ. ಆದುದರಿಂದ ನಿಮ್ಮಿಬ್ಬರು ನಟರಲ್ಲಿ ಶರೀರದ ಮೇಲೆ ಹೆಚ್ಚು ಹಿಡಿತವಿರುವವನನ್ನು ಹೆಚ್ಚು ಏಟು ತಿನ್ನುವ ಪಾತ್ರಕ್ಕೆ ಇಟ್ಟುಕೊಳ್ಳಿ. ಸಾಮಾನ್ಯವಾಗಿ ವಿದ್ಯಾರ್ಥಿಗಳು ಇದಕ್ಕೆ ವಿರುದ್ಧವಾಗಿ ಮಾಡುತ್ತಾರೆ.

ಒಂದು ಏಟಿಗೆ ನಾಲ್ಕು ಹಂತಗಳಿವೆ ಎಂದು ತಿಳಿದು ಅಭ್ಯಾಸ ಮಾಡಿಸಿ. ಮೊದಲು ಇಬ್ಬರ ಕಣ್ಣುಗಳೂ ಕೂಡಬೇಕು. ನಾನು ಸಿದ್ಧ ಎಂಬ ಸೂಚನೆ ಅದೇ. ಎರಡನೆಯದು ಕೈಯನ್ನು ಹಿಂದಕ್ಕೆ ಎಳೆಯುವುದು. ಇದು ನಿಜ ಜೀವನದ ಹೊಡೆದಾಟಕ್ಕಿಂತ ತುಸು ದೊಡ್ಡದಾಗಿರಬೇಕು, ಏಕೆಂದರೆ ಪ್ರೇಕ್ಷಕರಿಗೂ ಎದುರಿನ ನಟನಿಗೂ ಮುಂದೇನು ಬರುತ್ತಿದೆ ಎಂಬುದು ತಿಳಿಯಬೇಕು. ಮೂರನೆಯದು ಮುಷ್ಟಿ ಹಾದುಹೋಗುವುದು. ಮುಷ್ಟಿ ಮುಖದ ಮುಂದೆ ಕನಿಷ್ಠ ಒಂದು ಗೇಣು ದೂರದಲ್ಲಿ ಹಾದು, ಮುಖವಿರುವ ಜಾಗದಲ್ಲಿ ನಿಲ್ಲದೆ, ಆಚೆ ಬದಿಗೆ ಪೂರ್ತಿಯಾಗಿ ಸಾಗಬೇಕು. ಮುಖದ ಬಳಿ ನಿಂತ ಕೈ ಯಾವ ಕೋನದಿಂದ ತೆಗೆದರೂ ಸುಳ್ಳೇ. ನಾಲ್ಕನೆಯದು ಪ್ರತಿಕ್ರಿಯೆ: ಮುಷ್ಟಿ ಗದ್ದದ ನೇರಕ್ಕೆ ಬಂದ ಕ್ಷಣದಲ್ಲಿಯೇ, ಅದು ಹೋಗುತ್ತಿರುವ ದಿಕ್ಕಿಗೇ ತಲೆ ತಿರುಗಬೇಕು. ಎಡಗೆನ್ನೆಗೆ ಬಂದ ಏಟಿಗೆ ತಲೆ ಹಿಂದಕ್ಕೆ ಬಾಗಿದರೆ ಭೌತಶಾಸ್ತ್ರ ಓದದವರಿಗೂ ಅದು ತಪ್ಪೆಂದು ಗೊತ್ತಾಗುತ್ತದೆ.

ಇಷ್ಟಾದ ಮೇಲೆ ಉಳಿಯುವ ಗೇಣಗಲದ ಅಂತರವನ್ನು ಮರೆಮಾಡುವುದು ಕ್ಯಾಮೆರಾದ ಕೆಲಸ. ಇಬ್ಬರನ್ನೂ ಪಕ್ಕದಿಂದ ತೆಗೆದರೆ ಅಂತರ ಬಯಲಾಗುತ್ತದೆ. ಬಹುಶಃ ಮೈದಾನದಲ್ಲಿ ನೀವು ಮಾಡಿದ್ದು ಅದೇ. ಕ್ಯಾಮೆರಾ, ಒಬ್ಬನ ಭುಜ, ಇನ್ನೊಬ್ಬನ ಮುಖ ಈ ಮೂರೂ ಹೆಚ್ಚುಕಡಿಮೆ ಒಂದೇ ಸಾಲಿಗೆ ಬರುವಂತೆ ನಿಲ್ಲಿಸಿ, ಅಂದರೆ ನಮ್ಮ ಸೆಟ್ಟುಗಳಲ್ಲಿ ಸಜೆಷನ್ ಎಂದು ಕರೆಯುವ ರೀತಿಯಲ್ಲಿ ಭುಜದ ಹಿಂದಿನಿಂದ ತೆಗೆಯಿರಿ. ಆಗ ಮುಷ್ಟಿ ಮುಖವನ್ನು ಒಂದು ಕ್ಷಣ ಮುಚ್ಚಿ ದಾಟುತ್ತದೆ, ಮತ್ತು ನಡುವೆ ಎಷ್ಟು ಜಾಗವಿತ್ತೆಂದು ಹೇಳಲು ಯಾರಿಗೂ ಸಾಧ್ಯವಾಗುವುದಿಲ್ಲ. ಕ್ಯಾಮೆರಾವನ್ನು ದೂರ ಒಯ್ದು ಉದ್ದದ ಲೆನ್ಸ್, ಅಂದರೆ ದೂರದ್ದನ್ನು ಹತ್ತಿರ ತೋರಿಸುವ ಲೆನ್ಸ್ ಬಳಸಿದರೆ ಇದು ಇನ್ನೂ ಸುಲಭ. 85 ಎಂಎಂ ಅಥವಾ 70ರಿಂದ 200 ಎಂಎಂ ಜೂಮ್ ಲೆನ್ಸನ್ನು ಒಂದು ದಿನಕ್ಕೆ ಬಾಡಿಗೆಗೆ ತರುವ ಖರ್ಚು ಈ ದೃಶ್ಯದ ಮಟ್ಟಿಗೆ ಅತ್ಯಂತ ಸಾರ್ಥಕವಾದ ಖರ್ಚು ಎಂದು ನನ್ನ ಅಭಿಪ್ರಾಯ. ಮೊಬೈಲ್‌ನ ಸಾಮಾನ್ಯ ಲೆನ್ಸ್ ಅಗಲವಾದ ನೋಟವನ್ನು ಹಿಡಿಯುವಂಥದ್ದು. ಹತ್ತಿರ ನಿಂತು ಅದರಲ್ಲಿ ತೆಗೆದಾಗ ವ್ಯಕ್ತಿಗಳ ನಡುವಿನ ಅಂತರ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಫೋನಿನಲ್ಲಿ ಪ್ರತ್ಯೇಕ ಟೆಲಿಫೋಟೊ (ಉದ್ದದ) ಲೆನ್ಸ್ ಇದ್ದರೆ ಅದನ್ನು ಬಳಸಿ. ಇಲ್ಲವಾದರೆ ನೆಲದ ಮೇಲಿನ ಪಾದಗಳು, ಕಿತ್ತುಹೋದ ಗುಂಡಿ, ಕೈಬಿಟ್ಟ ಟವೆಲ್ಲು ಇಂತಹ ಬಿಡಿ ಶಾಟ್‌ಗಳಿಗೆ ಮಾತ್ರ ಮೊಬೈಲನ್ನು ಮೀಸಲಿಡಿ. ಕ್ಯಾಮೆರಾವನ್ನು ಅಲುಗಾಡಿಸಿ ಸುಳ್ಳನ್ನು ಮುಚ್ಚುವ ಪ್ರಯತ್ನ ಬೇಡ; ಏನು ನಡೆಯಿತೆಂದೇ ತಿಳಿಯದ ಹೊಡೆದಾಟದಲ್ಲಿ ಯಾರಿಗಾಗಿ ಮರುಗಬೇಕೆಂಬುದೂ ತಿಳಿಯುವುದಿಲ್ಲ.

ಇನ್ನು ಹೊಡೆದಾಟದ ಸ್ವರೂಪ. ಒಂದೇ ತಾಯಿಯ ಮಕ್ಕಳು, ಒಂದೇ ಹೊಲದಲ್ಲಿ ದುಡಿದವರು ಸಿನಿಮಾದ ನಾಯಕರಂತೆ ಗಾಳಿಯಲ್ಲಿ ಹಾರಿ ಒದೆಯುವುದಿಲ್ಲ. ಮೊದಲು ಮಾತು, ಆಮೇಲೆ ಎದೆಗೆ ಕೈಯಿಟ್ಟು ದೂಡುವುದು, ಕೊರಳಪಟ್ಟಿ ಹಿಡಿಯುವುದು, ಅಡ್ಡಗಾಲು ಕೊಡುವುದು, ಒಬ್ಬರನ್ನೊಬ್ಬರು ತಬ್ಬಿಕೊಂಡೇ ಮಣ್ಣಿಗೆ ಬೀಳುವುದು, ಏಳಲಾರದೆ ಏದುಸಿರು ಬಿಡುವುದು: ಅವರ ಹೊಡೆದಾಟ ಹೀಗಿರುತ್ತದೆ. ಇಡೀ ದೃಶ್ಯದಲ್ಲಿ ಎರಡೋ ಮೂರೋ ಏಟುಗಳು ಸ್ಪಷ್ಟವಾಗಿ ಕಂಡರೆ ಸಾಕು. ಹಿಡಿದಾಟದ ಭಾಗವನ್ನು ಅಭಿನಯಿಸುವುದು ಸುಲಭ, ಅಪಾಯವೂ ಕಡಿಮೆ, ಮತ್ತು ಅಣ್ಣ ತಮ್ಮಂದಿರ ಕಥೆಗೆ ಅದೇ ನ್ಯಾಯ ಒದಗಿಸುತ್ತದೆ, ಏಕೆಂದರೆ ಅಲ್ಲಿ ದ್ವೇಷವೂ ಆಪ್ತತೆಯೂ ಒಂದೇ ಹಿಡಿತದಲ್ಲಿ ಇರುತ್ತವೆ. ಮೂರು ನಿಮಿಷ ಬಹಳ ದೀರ್ಘವಾಯಿತು. ಮಾತಿನ ಜಗಳವನ್ನು ಬಿಟ್ಟು ಹೊಡೆದಾಡುವ ಭಾಗ ಎಪ್ಪತ್ತರಿಂದ ಎಂಬತ್ತು ಸೆಕೆಂಡು ಮೀರದಂತೆ ಬರೆದುಕೊಳ್ಳಿ. ಅಷ್ಟಕ್ಕೆ ಸುಮಾರು ಇಪ್ಪತ್ತೈದು ಶಾಟ್‌ಗಳು ಬೇಕಾಗುತ್ತವೆ, ಮತ್ತು ಅನುಭವವಿಲ್ಲದ ತಂಡವೊಂದು ಒಂದು ಹಗಲಿನಲ್ಲಿ ನೆಮ್ಮದಿಯಿಂದ ತೆಗೆಯಬಹುದಾದದ್ದು ಅಷ್ಟೇ.

ಈ ಎಂಬತ್ತು ಸೆಕೆಂಡುಗಳನ್ನು ಮೂರು ನಾಲ್ಕು ಚಲನೆಗಳ ಸಣ್ಣ ತುಣುಕುಗಳನ್ನಾಗಿ ಒಡೆದು, ಪ್ರತಿ ಚಲನೆಗೂ ಒಂದು ಸಂಖ್ಯೆ ಕೊಟ್ಟು, ಮೊದಲು ಕಾಲು ವೇಗದಲ್ಲಿ, ಮಾರನೆಯ ದಿನ ಅರ್ಧ ವೇಗದಲ್ಲಿ, ಎಲ್ಲವೂ ತಾನಾಗಿಯೇ ಬರುತ್ತದೆ ಎಂದಾದ ಮೇಲೆ ಮುಕ್ಕಾಲು ವೇಗದಲ್ಲಿ ಅಭ್ಯಾಸ ಮಾಡಿಸಿ. ಚಿತ್ರೀಕರಣದ ದಿನವೂ ಮುಕ್ಕಾಲು ವೇಗವನ್ನು ಮೀರಬೇಕಿಲ್ಲ. ಉದ್ದದ ಲೆನ್ಸ್ ಮತ್ತು ಎಡಿಟಿಂಗ್ ಉಳಿದದ್ದನ್ನು ತುಂಬಿಕೊಡುತ್ತವೆ. ನಟರಲ್ಲದ ಒಬ್ಬರನ್ನು ಹೊಡೆದಾಟದ ಉಸ್ತುವಾರಿಗೆ ನೇಮಿಸಿ. ಅವರ ಕೆಲಸ ಚಲನೆಗಳನ್ನು ನೆನಪಿಟ್ಟುಕೊಳ್ಳುವುದು ಮತ್ತು ಯಾವುದಾದರೂ ತಪ್ಪಿದಂತೆ ಕಂಡಾಗ ನಿಲ್ಲಿ ಎಂದು ಕೂಗುವುದು. ಆ ಕೂಗಿಗೆ ನಿರ್ದೇಶಕರೂ ಒಳಪಡಬೇಕು. ಕುತ್ತಿಗೆ ಹಿಸುಕುವ, ಕೂದಲು ಹಿಡಿದೆಳೆಯುವ ಚಲನೆಗಳಲ್ಲಿ ಹಿಡಿತ ಯಾವಾಗಲೂ ಏಟು ತಿನ್ನುವವನದೇ ಆಗಿರಬೇಕು: ಅಣ್ಣನ ಕೈ ತಮ್ಮನ ತಲೆಯ ಮೇಲೆ ಸುಮ್ಮನೆ ಕೂತಿರುತ್ತದೆ, ತಮ್ಮ ತನ್ನೆರಡು ಕೈಗಳಿಂದ ಆ ಕೈಯನ್ನು ತಲೆಗೆ ಒತ್ತಿ ಹಿಡಿದು ತಾನೇ ತನ್ನನ್ನು ಎಳೆದಾಡಿಕೊಳ್ಳುತ್ತಾನೆ. ನೋಡುವವರಿಗೆ ಕಾಣುವುದು ಎಳೆತ ಮಾತ್ರ. ಅಭ್ಯಾಸದ ಕೊನೆಯ ದಿನ ಇಡೀ ಹೊಡೆದಾಟವನ್ನು ಮೊಬೈಲ್‌ನಲ್ಲಿ, ಯೋಜಿಸಿದ ಕೋನಗಳಿಂದಲೇ ತೆಗೆದು, ಒರಟಾಗಿ ಜೋಡಿಸಿ ನೋಡಿ. ಕೆರೆಯಂಗಳದಲ್ಲಿ ಬಿಸಿಲಿಗೆ ನಿಂತು ಯೋಚಿಸಬೇಕಾದ ಎಷ್ಟೋ ಪ್ರಶ್ನೆಗಳು ಅಲ್ಲಿಯೇ ಬಗೆಹರಿಯುತ್ತವೆ.

ಬೀಳುವುದನ್ನು ಕಲಿಯದೆ ಬೀಳಬಾರದು. ನಿಮ್ಮ ಊರಿನಲ್ಲಿ ಕುಸ್ತಿಯ ಅಭ್ಯಾಸ ಇನ್ನೂ ಉಳಿದಿದೆ. ಗರಡಿ ಮನೆಯೊಂದರ ಉಸ್ತಾದರನ್ನು ಗೌರವದಿಂದ ಕೇಳಿಕೊಂಡರೆ, ಮೆತ್ತನೆಯ ಮಣ್ಣಿನ ಅಂಕಣದಲ್ಲಿ ಬೀಳುವ, ಉರುಳುವ, ಹಿಡಿತ ಬಿಡಿಸಿಕೊಳ್ಳುವ ಕ್ರಮವನ್ನು ಅವರು ಕೆಲವು ಬೆಳಗಿನ ಅವಧಿಯಲ್ಲಿ ಕಲಿಸಬಲ್ಲರು. ಫೈಟ್ ಮಾಸ್ಟರ್ ಇಲ್ಲದ ತಂಡಕ್ಕೆ ಇದಕ್ಕಿಂತ ಒಳ್ಳೆಯ ಸಹಾಯ ನನಗೆ ಹೊಳೆಯುತ್ತಿಲ್ಲ. ಬೀಳುವಾಗ ಗದ್ದ ಎದೆಗೆ ಅಂಟಿರಬೇಕು, ಉಸಿರು ಹೊರಗೆ ಹೋಗುತ್ತಿರಬೇಕು, ಕೈಯನ್ನು ನೇರವಾಗಿ ನೆಲಕ್ಕೆ ಊರಬಾರದು. ಮಣಿಕಟ್ಟು ಮುರಿಯುವುದು ಹೆಚ್ಚಾಗಿ ಹಾಗೆ ಊರಿದಾಗಲೇ. ಬೀಳುವ ಶಾಟನ್ನು ಒಂದೇ ಏಟಿಗೆ ತೆಗೆಯಬೇಕಾಗಿಯೂ ಇಲ್ಲ. ಆಯತಪ್ಪುವುದನ್ನು ಒಂದು ಶಾಟ್‌ನಲ್ಲಿ ತೆಗೆದು, ಅಲ್ಲಿ ಫ್ರೇಮಿನ ಹೊರಗೆ ಹಾಸಿದ ದಪ್ಪ ಹಾಸಿಗೆಯ ಮೇಲೆ ನಟನನ್ನು ಇಬ್ಬರು ಹಿಡಿದುಕೊಳ್ಳಲಿ. ನೆಲಕ್ಕೆ ಬಡಿಯುವುದನ್ನು ಮೊಣಕಾಲೂರಿದ ಎತ್ತರದಿಂದ ಉರುಳಿಸಿ, ಕ್ಯಾಮೆರಾವನ್ನು ಮಣ್ಣಿನ ಮಟ್ಟಕ್ಕೆ ಇಳಿಸಿ ಇನ್ನೊಂದು ಶಾಟ್‌ನಲ್ಲಿ ತೆಗೆಯಿರಿ. ಪ್ಯಾಂಟಿನ ಒಳಗೆ ಮೊಣಕಾಲಿಗೆ, ತುಂಬುತೋಳಿನ ಅಂಗಿಯ ಒಳಗೆ ಮೊಣಕೈಗೆ ಪ್ಯಾಡ್ ಇರಲಿ. ಅಣ್ಣನ ಪಾತ್ರಕ್ಕೆ ಲುಂಗಿ ಉಡಿಸುವ ಆಲೋಚನೆಯಿದ್ದರೆ ಕೈಬಿಡಿ. ಕಾಲಿಗೆ ತೊಡರುತ್ತದೆ, ಪ್ಯಾಡ್ ಮರೆಮಾಡಲೂ ಆಗುವುದಿಲ್ಲ.

ಕೆರೆಯಂಗಳದ ನೆಲವನ್ನು ನಂಬಬೇಡಿ. ಬತ್ತಿದ ಎರೆಮಣ್ಣಿನಲ್ಲಿ ಪಾದ ಸಿಕ್ಕಿಕೊಳ್ಳುವಷ್ಟು ಅಗಲದ ಬಿರುಕುಗಳಿರುತ್ತವೆ, ಮಣ್ಣು ತೆಗೆದ ಗುಂಡಿಗಳಿರುತ್ತವೆ, ಒಡೆದ ಬಾಟಲಿಯ ಚೂರು ಮತ್ತು ಜಾಲಿಯ ಮುಳ್ಳು ಬಹುತೇಕ ಕಡೆ ಇದ್ದೇ ಇರುತ್ತವೆ. ಹೊಡೆದಾಟ ನಡೆಯುವ ಇಪ್ಪತ್ತು ಅಡಿ ಚೌಕವನ್ನು ಹಿಂದಿನ ದಿನವೇ ಗುರುತಿಸಿ, ಗುಡಿಸಿ, ಕೈಯಿಂದ ಮುಟ್ಟಿ ಪರೀಕ್ಷಿಸಿ, ಬಿರುಕುಗಳನ್ನು ಜರಡಿ ಹಿಡಿದ ಮಣ್ಣಿನಿಂದ ತುಂಬಿ, ಅದರ ಮೇಲೆ ಒಂದು ಪದರ ಸಡಿಲ ಮಣ್ಣು ಹರಡಿ. ಸುತ್ತಲಿನ ಮರಗಳಲ್ಲಿ ಹೆಜ್ಜೇನಿನ ಗೂಡು ಇದೆಯೇ ಎಂದು ತಲೆಯೆತ್ತಿ ನೋಡಿ. ಇದ್ದರೆ ಜಾಗ ಬದಲಿಸುವುದೇ ದಾರಿ.

ಬಿಸಿಲಿನ ವಿಷಯದಲ್ಲಿ ಯೋಜನೆಯೇ ನಿಮ್ಮ ಅತಿ ದೊಡ್ಡ ಸಲಕರಣೆ. ಫೆಬ್ರವರಿಯ ನಡುವೆ ದಾವಣಗೆರೆಯಲ್ಲಿ ಬೆಳಿಗ್ಗೆ ಏಳಕ್ಕೆ ತುಸು ಮೊದಲು ಸೂರ್ಯ ಹುಟ್ಟಿ ಸಂಜೆ ಸುಮಾರು ಆರೂವರೆಗೆ ಮುಳುಗುತ್ತಾನೆ, ಮತ್ತು ದಿನವಿಡೀ ಆಕಾಶದ ದಕ್ಷಿಣ ಭಾಗದಲ್ಲಿಯೇ ಸಾಗುತ್ತಾನೆ. ಇದನ್ನು ಹೀಗೆ ಬಳಸಿಕೊಳ್ಳಿ. ಅಣ್ಣನನ್ನು ಪಶ್ಚಿಮಕ್ಕೆ, ತಮ್ಮನನ್ನು ಪೂರ್ವಕ್ಕೆ ನಿಲ್ಲಿಸಿ ಇಬ್ಬರ ನಡುವೆ ಒಂದು ಗೆರೆಯನ್ನು ಕಲ್ಪಿಸಿಕೊಳ್ಳಿ. ಕ್ಯಾಮೆರಾ ದಿನವಿಡೀ ಆ ಗೆರೆಯ ಉತ್ತರದ ಬದಿಯಲ್ಲಿಯೇ ಇರಲಿ. ಬೆಳಿಗ್ಗೆ ಏಳೂಕಾಲರಿಂದ ಒಂಬತ್ತೂ ಮುಕ್ಕಾಲರವರೆಗೆ ಅಣ್ಣನ ಭುಜದ ಹಿಂದಿನಿಂದ ಪೂರ್ವಕ್ಕೆ ನೋಡುತ್ತಾ ತಮ್ಮನ ಮುಖ ಕಾಣುವ ಶಾಟ್‌ಗಳನ್ನೆಲ್ಲ ಮುಗಿಸಿ. ಮಧ್ಯಾಹ್ನ ಮೂರೂ ಮುಕ್ಕಾಲರ ನಂತರ ತಮ್ಮನ ಭುಜದ ಹಿಂದಿನಿಂದ ಪಶ್ಚಿಮಕ್ಕೆ ನೋಡುತ್ತಾ ಅಣ್ಣನ ಮುಖದ ಶಾಟ್‌ಗಳನ್ನು ತೆಗೆಯಿರಿ. ಎರಡೂ ಕಡೆ ಸೂರ್ಯ ನಟನ ಬೆನ್ನ ಹಿಂದಿರುವುದರಿಂದ ಕೂದಲಿನ ಅಂಚು ಹೊಳೆಯುತ್ತದೆ, ಎದ್ದ ಧೂಳು ಬೆಳಗುತ್ತದೆ, ಮುಖದ ಮೇಲೆ ಒಂದೇ ಬಗೆಯ ಮೃದು ನೆರಳಿರುತ್ತದೆ. ಜೋಡಿಸಿದಾಗ ಒಂದು ಬೆಳಗಿನದು, ಇನ್ನೊಂದು ಸಂಜೆಯದು ಎಂದು ಯಾರಿಗೂ ಅನಿಸುವುದಿಲ್ಲ. ಕ್ಯಾಮೆರಾ ಗೆರೆ ದಾಟದೆ ಇರುವುದರಿಂದ ತಮ್ಮ ಸದಾ ಫ್ರೇಮಿನ ಎಡಕ್ಕೆ, ಅಣ್ಣ ಬಲಕ್ಕೆ ಇರುತ್ತಾರೆ, ಯಾರು ಯಾರಿಗೆ ಹೊಡೆದರೆಂಬ ಗೊಂದಲವೂ ಹುಟ್ಟುವುದಿಲ್ಲ. ಇಬ್ಬರೂ ಪೂರ್ತಿ ಕಾಣುವ ದೂರದ ಶಾಟ್‌ಗಳನ್ನು ದಕ್ಷಿಣಕ್ಕೆ ನೋಡುತ್ತಾ, ಆಯಾ ಅವಧಿಯ ಆರಂಭದಲ್ಲಿ ತೆಗೆದುಕೊಳ್ಳಿ. ಮುಖ ತೀರಾ ಕಪ್ಪಾದರೆ ಥರ್ಮಾಕೋಲ್ ಹಾಳೆಯೊಂದನ್ನು ಕ್ಯಾಮೆರಾದ ಪಕ್ಕ ಹಿಡಿದು ಬೆಳಕನ್ನು ಮರಳಿಸಿದರೆ ಸಾಕು.

ನಡುವಿನ ಹೊತ್ತಿನಲ್ಲಿ ನೆತ್ತಿಯ ಬಿಸಿಲು ಕಣ್ಣಿನ ಗುಳಿಗಳಲ್ಲಿ ಕಪ್ಪು ನೆರಳು ತುಂಬುತ್ತದೆ. ಆಗ ಮುಖದ ಶಾಟ್‌ಗಳನ್ನು ಬಿಟ್ಟು, ನಾಲ್ಕು ಮೂಲೆ ಹಿಡಿದ ಬಿಳಿ ಬಟ್ಟೆಯ ಅಡಿಯಲ್ಲಿ ಕೈ, ಕಾಲು, ನೆಲದ ಬಿಡಿ ಶಾಟ್‌ಗಳನ್ನು ಮಾಡಿ. ಊಟ ಮತ್ತು ವಿಶ್ರಾಂತಿಯೂ ಅದೇ ಹೊತ್ತಿಗೆ. ಸೂರ್ಯ ಮುಳುಗಿದ ಮೇಲೆ ನಮ್ಮ ಅಕ್ಷಾಂಶದಲ್ಲಿ ಬಳಕೆಗೆ ಬರುವ ಬೆಳಕು ಇಪ್ಪತ್ತು ನಿಮಿಷ ಉಳಿದರೆ ಹೆಚ್ಚು. ಆ ಹೊತ್ತಿಗೆ ಹೊಡೆದಾಟದ ಯಾವ ಶಾಟೂ ಬಾಕಿ ಇರಬಾರದು, ಏಕೆಂದರೆ ಅಪಘಾತಗಳಾಗುವುದು ದಣಿದ ಮೈಯಿಂದ, ಕತ್ತಲಾಗುತ್ತಿದೆ ಎಂಬ ಅವಸರದಲ್ಲಿ. ಹೊಡೆದಾಟ ಮುಗಿದ ಮೇಲೆ ಇಬ್ಬರೂ ದೂರ ದೂರ ಕೂತಿರುವ ಶಾಟ್ ಇದ್ದರೆ ಅದನ್ನು ಆ ಬೆಳಕಿಗೆ ಇಟ್ಟುಕೊಳ್ಳಿ.

ಕ್ಯಾಮೆರಾದ ಲೆಕ್ಕ ಸರಳವಾದದ್ದು. ಸೆಕೆಂಡಿಗೆ 25 ಫ್ರೇಮ್ (ಬಿಡಿ ಚಿತ್ರ), ಶಟರ್, ಅಂದರೆ ಪ್ರತಿ ಫ್ರೇಮಿಗೂ ಬೆಳಕು ಬೀಳುವ ಅವಧಿ, 1/50 ಸೆಕೆಂಡ್ ಇಟ್ಟರೆ ಚಲನೆಯ ಮಸುಕು ಕಣ್ಣಿಗೆ ಸಹಜವಾಗಿ ಕಾಣುತ್ತದೆ. ಏಟಿನ ಶಾಟ್‌ಗಳು ಹರಿತವಾಗಿ ಬೇಕೆಂದರೆ 1/100ಕ್ಕೆ ಏರಿಸಬಹುದು. ಆದರೆ ಪ್ರಖರ ಬಿಸಿಲಿನಲ್ಲಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 100, ಶಟರ್ 1/50 ಇದ್ದಾಗ ಸರಿಯಾದ ಬೆಳಕಿಗಾಗಿ ಅಪರ್ಚರನ್ನು, ಅಂದರೆ ಲೆನ್ಸಿನ ಕಿಂಡಿಯನ್ನು, ಎಫ್/22ರಷ್ಟು ಮುಚ್ಚಬೇಕಾಗುತ್ತದೆ. ಎಫ್/4ಕ್ಕೆ ತೆರೆದು ಹಿನ್ನೆಲೆಯನ್ನು ಮಸುಕಾಗಿಸಬೇಕೆಂದರೆ ಐದು ಸ್ಟಾಪ್ ಬೆಳಕನ್ನು ತಡೆಯಬೇಕು (ಒಂದೊಂದು ಸ್ಟಾಪಿಗೂ ಬೆಳಕು ಅರ್ಧವಾಗುತ್ತದೆ), ಅಂದರೆ ಲೆನ್ಸಿನ ಮುಂದೆ ಹಾಕುವ ಕಪ್ಪು ಗಾಜಿನಂಥ ಎನ್‌ಡಿ 32 ಫಿಲ್ಟರ್ ಬೇಕು. ಬೆಳಕನ್ನು ತಗ್ಗಿಸಲು ಶಟರನ್ನೇ 1/1000ಕ್ಕೆ ಏರಿಸಿದರೆ ಚಲನೆ ತುಂಡು ತುಂಡಾಗಿ ಕಾಣುತ್ತದೆ; ಬಯಲಿನಲ್ಲಿ ತೆಗೆದ ವಿದ್ಯಾರ್ಥಿ ಚಿತ್ರಗಳಲ್ಲಿ ನಾನು ಮತ್ತೆ ಮತ್ತೆ ನೋಡುವ ದೋಷವಿದು. ಮೊಬೈಲ್‌ನಲ್ಲಿ ಫೋಕಸ್ ಮತ್ತು ಎಕ್ಸ್‌ಪೋಷರ್ ಎರಡನ್ನೂ ಲಾಕ್ ಮಾಡುವುದನ್ನು ಮರೆಯಬೇಡಿ.

ಬೆಳಗು ಮತ್ತು ಸಂಜೆಯ ಈ ಹಂಚಿಕೆಯಿಂದ ಒಂದು ತೊಡಕು ಹುಟ್ಟುತ್ತದೆ. ಕಥೆಯ ಪ್ರಕಾರ ಅಂಗಿಗಳು ಕ್ರಮೇಣ ಮಣ್ಣಾಗಬೇಕು, ಆದರೆ ನೀವು ಇಡೀ ಹೊಡೆದಾಟವನ್ನು ಎರಡು ಸಲ ಹಾದುಹೋಗುತ್ತೀರಿ. ಇಬ್ಬರಿಗೂ ಒಂದೇ ಬಣ್ಣದ, ಒಂದೇ ಅಳತೆಯ ಎರಡೆರಡು ಅಂಗಿಗಳಿರಲಿ. ಬೆಳಿಗ್ಗೆ ಕಥೆಯ ಕ್ರಮದಲ್ಲಿಯೇ ಒಂದು ಜೊತೆಯನ್ನು ಮಣ್ಣಾಗಿಸುತ್ತಾ ಹೋಗಿ, ಸಂಜೆ ಇನ್ನೊಂದು ಜೊತೆಯಿಂದ ಮತ್ತೆ ಆರಂಭಿಸಿ. ಪ್ರತಿ ಶಾಟ್‌ನ ಕೊನೆಯಲ್ಲಿ ಇಬ್ಬರ ಮುಂಭಾಗ, ಹಿಂಭಾಗದ ಫೋಟೊ ತೆಗೆದಿಟ್ಟುಕೊಳ್ಳುವ ಹೊಣೆಯನ್ನು ಒಬ್ಬರಿಗೆ ಪೂರ್ತಿಯಾಗಿ ವಹಿಸಿ. ಮೈಮೇಲಿನ ಧೂಳಿಗೆ ಮುಲ್ತಾನಿ ಮಿಟ್ಟಿ ಬಳಸಬಹುದು, ಮುಖಕ್ಕೆ ಎರಚದೆ ಕೈಯಿಂದ ಸವರಬೇಕು. ಸುಣ್ಣದ ಪುಡಿ, ರಂಗೋಲಿ ಪುಡಿ ಎರಡನ್ನೂ ದೂರವಿಡಿ. ಸುಣ್ಣ ಕಣ್ಣನ್ನು ಸುಡುತ್ತದೆ, ರಂಗೋಲಿಯ ನುಣುಪು ಕಲ್ಲಿನ ಪುಡಿ ಉಸಿರಿನೊಂದಿಗೆ ಒಳಗೆ ಹೋಗಬಾರದು. ಧೂಳೆದ್ದ ಜಾಗದಲ್ಲಿ ಲೆನ್ಸ್ ಬದಲಿಸಬೇಡಿ.

ಕುಡುಗೋಲಿನ ಬಗ್ಗೆ ಕೇಳಿದ್ದೀರಿ. ನಿಜವಾದ ಕುಡುಗೋಲು ಯಾವ ನಟನ ಕೈಗೂ ಹೋಗಬಾರದು, ಅಲಗು ಮೊಂಡಾಗಿದ್ದರೂ ಹೋಗಬಾರದು, ಏಕೆಂದರೆ ಅದರ ತುದಿ ಮೊಂಡಾಗಿರುವುದಿಲ್ಲ. ದಪ್ಪ ರಟ್ಟಿನಲ್ಲಿಯೋ ಫೋಮ್ ಹಾಳೆಯಲ್ಲಿಯೋ ಅದೇ ಆಕಾರ ಕತ್ತರಿಸಿ, ತುದಿಯನ್ನು ದುಂಡಗೆ ಮಾಡಿ, ಬೂದು ಬಣ್ಣದ ಮೇಲೆ ತುಸು ತುಕ್ಕಿನ ಬಣ್ಣ ಹಚ್ಚಿ. ಬೆಳ್ಳಿಯ ಹಾಳೆ ಅಂಟಿಸಿದರೆ ಹೊಳಪು ಜಾಸ್ತಿಯಾಗಿ ಆಟಿಕೆಯಂತೆ ಕಾಣುತ್ತದೆ. ನಿಜವಾದದ್ದನ್ನು ಒಂದೇ ಒಂದು ಶಾಟ್‌ನಲ್ಲಿ, ನೆಲದಲ್ಲಿ ನೆಟ್ಟಿರುವಂತೆ, ಹತ್ತಿರ ಯಾರೂ ಇಲ್ಲದಿರುವಾಗ ತೋರಿಸಿ, ತಕ್ಷಣ ತೆಗೆದು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ. ಪ್ರೇಕ್ಷಕರ ಮನಸ್ಸು ಮುಂದಿನ ಶಾಟ್‌ಗಳ ರಟ್ಟಿಗೂ ಅದೇ ಹರಿತವನ್ನು ಕೊಡುತ್ತದೆ. ರಕ್ತಕ್ಕೆ ಸಕ್ಕರೆ ಪಾಕ, ತಿನ್ನಬಹುದಾದ ಕೆಂಪು ಬಣ್ಣ, ಕಪ್ಪು ಛಾಯೆಗೆ ಒಂದೆರಡು ಹನಿ ಕಾಫಿ ಡಿಕಾಕ್ಷನ್ ಸಾಕು. ಸಿಹಿಗೆ ಇರುವೆ, ನೊಣ, ಜೇನು ಮುತ್ತುವುದರಿಂದ ಶಾಟ್ ಮುಗಿದೊಡನೆ ಒರೆಸಲು ಒದ್ದೆ ಬಟ್ಟೆ ಸಿದ್ಧವಿರಲಿ. ತುಟಿಯಂಚಿನಲ್ಲಿ ಒಂದು ಗೆರೆ ರಕ್ತ ಇದ್ದರೆ ಈ ಕಥೆಗೆ ಯಥೇಚ್ಛ.

ಅನುಮತಿಯನ್ನು ಔಪಚಾರಿಕತೆ ಎಂದು ತಿಳಿಯಬೇಡಿ. ಬತ್ತಿದ್ದರೂ ಕೆರೆ ಯಾವುದಾದರೊಂದು ಸಂಸ್ಥೆಯ ಸುಪರ್ದಿಯಲ್ಲಿರುತ್ತದೆ. ಗ್ರಾಮ ಪಂಚಾಯಿತಿಯ ಪಿಡಿಒ ಅವರನ್ನು ಮೊದಲು ಕಂಡರೆ, ಅದು ಪಂಚಾಯಿತಿಯದೋ ಸಣ್ಣ ನೀರಾವರಿ ಇಲಾಖೆಯದೋ ಎಂಬುದು ತಿಳಿಯುತ್ತದೆ. ಪ್ರಾಂಶುಪಾಲರ ಸಹಿಯಿರುವ ಪತ್ರದಲ್ಲಿ ದಿನಾಂಕ, ಸಮಯ, ಜಾಗ, ತಂಡದ ಸಂಖ್ಯೆ, ಹೊಡೆದಾಟದ ದೃಶ್ಯವಿದೆ ಮತ್ತು ನಕಲಿ ಕುಡುಗೋಲು ಬಳಸಲಾಗುತ್ತದೆ ಎಂಬುದನ್ನು ಸ್ಪಷ್ಟವಾಗಿ ಬರೆದು ಪಂಚಾಯಿತಿಗೂ ಪೊಲೀಸ್ ಠಾಣೆಗೂ ಕೊಟ್ಟು, ಸ್ವೀಕೃತಿ ಹಾಕಿಸಿದ ಪ್ರತಿಯನ್ನು ಸ್ಥಳದಲ್ಲಿ ಇಟ್ಟುಕೊಳ್ಳಿ. ದೂರದಿಂದ ನೋಡಿದವರು ನಿಜವಾದ ಜಗಳವೆಂದು ಬಗೆದು 112ಕ್ಕೆ ಕರೆ ಮಾಡುವುದು, ಬಿಡಿಸಲು ಓಡಿಬರುವುದು ಸಹಜ. ದಾರಿಹೋಕರು ಮೊಬೈಲ್‌ನಲ್ಲಿ ಹಿಡಿದ ತುಣುಕು ಇಂಥ ಊರಿನಲ್ಲಿ ಅಣ್ಣ ತಮ್ಮಂದಿರ ಕಾಳಗ ಎಂದು ಸಂಜೆಯೊಳಗೆ ಹರಡಬಹುದು. ಕೆರೆ ಏರಿಯ ಮೇಲೆ ಚಿತ್ರೀಕರಣ ನಡೆಯುತ್ತಿದೆ ಎಂಬ ದೊಡ್ಡ ಫಲಕವನ್ನೂ, ಕೇಳಿದವರಿಗೆ ವಿನಯದಿಂದ ವಿವರಿಸುವ ಒಬ್ಬರನ್ನೂ ನಿಲ್ಲಿಸಿ. ಹತ್ತಿರದ ಹಟ್ಟಿಯ ಹಿರಿಯರಿಗೆ ಹಿಂದಿನ ದಿನವೇ ವಿಷಯ ತಿಳಿಸಿ.

ಹೊರಾಂಗಣದ ಅಪಾಯಗಳನ್ನು ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. 2016ರ ನವೆಂಬರ್ 7ರಂದು ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ಸಾಹಸ ದೃಶ್ಯಕ್ಕಾಗಿ ಹೆಲಿಕಾಪ್ಟರಿನಿಂದ ನೀರಿಗೆ ಜಿಗಿದ ಇಬ್ಬರು ನಟರು ಮುಳುಗಿ ತೀರಿಕೊಂಡರು. 2021ರ ಆಗಸ್ಟ್‌ನಲ್ಲಿ ಬಿಡದಿ ಸಮೀಪ ಹೊರಾಂಗಣದಲ್ಲಿ ಸಾಹಸ ದೃಶ್ಯವೊಂದರ ಚಿತ್ರೀಕರಣದ ವೇಳೆ ಹೈಟೆನ್ಷನ್ ತಂತಿಯ ವಿದ್ಯುತ್ ಹರಿದು ಸಾಹಸ ಕಲಾವಿದರೊಬ್ಬರು ಪ್ರಾಣ ಕಳೆದುಕೊಂಡರು. ಇವು ಅನುಭವಿಗಳಿದ್ದ, ಹಣವಿದ್ದ ತಂಡಗಳು. ನಿಮ್ಮ ಜಾಗದ ಮೇಲೆ ವಿದ್ಯುತ್ ತಂತಿ ಹಾದುಹೋಗಿದ್ದರೆ ಅದರ ಕೆಳಗೆ ಮೈಕ್ ಕಟ್ಟುವ ಲೋಹದ ಬೂಮ್ ಕೋಲು, ಏಣಿ, ಕ್ಯಾಮೆರಾವನ್ನು ಮೇಲೆತ್ತುವ ಬಾಡಿಗೆಯ ಜಿಬ್ ಯಾವುದನ್ನೂ ಎತ್ತಬೇಡಿ. ಕೆರೆಯ ನಡುವೆ ನೀರು ನಿಂತ ಗುಂಡಿ ಉಳಿದಿದ್ದರೆ ಅದು ಎಷ್ಟೇ ಸುಂದರವಾಗಿ ಕಂಡರೂ ಹೊಡೆದಾಟವನ್ನು ಅಲ್ಲಿಗೆ ಒಯ್ಯಬೇಡಿ. ಕುಡಿಯುವ ನೀರು, ಮಜ್ಜಿಗೆ, ಓಆರ್‌ಎಸ್, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ದಾರಿ ಗೊತ್ತಿರುವ ಚಾಲಕರಿರುವ ಒಂದು ವಾಹನ ಇವು ಸ್ಥಳದಲ್ಲಿ ಇರಬೇಕು. 108 ಆಂಬುಲೆನ್ಸಿಗೆ ಜಾಗವನ್ನು ಹೇಗೆ ವಿವರಿಸಬೇಕೆಂಬುದನ್ನು ಒಂದು ಚೀಟಿಯಲ್ಲಿ ಬರೆದಿಡಿ. ತಲೆಗೆ ಪೆಟ್ಟು ಬಿದ್ದರೆ, ನಟ ಏನೂ ಆಗಿಲ್ಲ ಎಂದರೂ ಅಂದಿನ ಚಿತ್ರೀಕರಣ ಅಲ್ಲಿಗೆ ಮುಗಿಯಿತು ಎಂಬ ನಿಯಮವನ್ನು ಮೊದಲೇ ಎಲ್ಲರೂ ಒಪ್ಪಿಕೊಂಡಿರಲಿ.

ಎಡಿಟಿಂಗ್‌ಗೆ ಅನುಕೂಲವಾಗುವಂತೆ ಪ್ರತಿ ಶಾಟನ್ನೂ ಹಿಂದಿನ ಶಾಟ್‌ನ ಕೊನೆಯ ಚಲನೆಯಿಂದಲೇ ಆರಂಭಿಸಿ. ಮುಷ್ಟಿ ಹೊರಟದ್ದು ಒಂದು ಕೋನದಲ್ಲಿ, ತಲೆ ತಿರುಗಿದ್ದು ಇನ್ನೊಂದು ಕೋನದಲ್ಲಿ ಇರುವಂತೆ ಚಲನೆಯ ನಡುವೆ ಕತ್ತರಿಸಿದರೆ ಅಂತರದ ಸುಳಿವೇ ಉಳಿಯುವುದಿಲ್ಲ. ತಾಗುವ ಕ್ಷಣದ ಎರಡು ಮೂರು ಫ್ರೇಮುಗಳನ್ನು ತೆಗೆದುಹಾಕಿ ನೋಡಿ. ಏಟಿನ ತೂಕ ಹೆಚ್ಚಾದಂತೆ ಅನಿಸುತ್ತದೆ.

ಉಳಿದ ಅರ್ಧ ಕೆಲಸ ಶಬ್ದದ್ದು. ಬಯಲಿನ ಗಾಳಿಯಲ್ಲಿ ಸ್ಥಳದ ಧ್ವನಿ ಪೂರ್ತಿ ಬಳಕೆಗೆ ಬರುವುದು ಅಪರೂಪ. ಮೈಕ್‌ಗೆ ತುಪ್ಪಟದ ಹೊದಿಕೆ ಹಾಕಿ, ಮಾತಿನ ಭಾಗವನ್ನು ಮಾತ್ರ ಅಲ್ಲಿ ಹಿಡಿಯಲು ಶ್ರಮಿಸಿ. ಹೊರಡುವ ಮೊದಲು ಎಲ್ಲರನ್ನೂ ಸುಮ್ಮನಿರಿಸಿ ಕೆರೆಯಂಗಳದ ಸದ್ದನ್ನು ಒಂದು ನಿಮಿಷ ಪ್ರತ್ಯೇಕವಾಗಿ ಮುದ್ರಿಸಿಕೊಳ್ಳಿ, ಇಬ್ಬರು ನಟರ ಏದುಸಿರು ಮತ್ತು ಮುಲುಕನ್ನೂ ಹತ್ತಿರದಿಂದ ಮುದ್ರಿಸಿಕೊಳ್ಳಿ, ಏಕೆಂದರೆ ನಿಜವಾಗಿ ದಣಿದ ಉಸಿರನ್ನು ಮಾರನೆಯ ದಿನ ಕೋಣೆಯಲ್ಲಿ ಕುಳಿತು ನಟಿಸುವುದು ಕಷ್ಟ. ಏಟಿನ ಸದ್ದನ್ನು ಆಮೇಲೆ ಕಟ್ಟಬೇಕು: ಒದ್ದೆ ಟವೆಲ್ಲನ್ನು ನೆಲಕ್ಕೆ ಬಡಿದದ್ದು, ಹಳೆಯ ಚರ್ಮದ ಚೀಲಕ್ಕೆ ಗುದ್ದಿದ್ದು, ಹಸಿ ನುಗ್ಗೆಕಾಯಿ ಮುರಿದದ್ದು ಇವುಗಳನ್ನು ಒಂದರ ಮೇಲೊಂದು ಸಣ್ಣ ಪ್ರಮಾಣದಲ್ಲಿ ಸೇರಿಸಿ. ಮಸಾಲೆ ಚಿತ್ರಗಳ ಢಿಶುಂ ಶಬ್ದವನ್ನು ಅಂತರ್ಜಾಲದಿಂದ ತಂದು ಹಾಕಿದರೆ ನೀವು ಇಲ್ಲಿಯವರೆಗೆ ಕಟ್ಟಿದ ಸಹಜತೆ ಒಂದೇ ಏಟಿಗೆ ಹಾಳಾಗುತ್ತದೆ. ಅಂಗಿಯ ಬಟ್ಟೆ ಹರಿಯುವ ಸದ್ದು, ಒಣಮಣ್ಣಿನ ಹೆಂಟೆ ಪಾದದಡಿ ಪುಡಿಯಾಗುವ ಸದ್ದು ಏಟಿನ ಸದ್ದಿನಷ್ಟೇ ಮುಖ್ಯ. ಹಿನ್ನೆಲೆ ಸಂಗೀತ ಹಾಕುವ ಮೊದಲು ಈ ಸದ್ದುಗಳೊಂದಿಗೆ ಮಾತ್ರ ದೃಶ್ಯವನ್ನು ಕಥೆ ಗೊತ್ತಿಲ್ಲದ ಒಬ್ಬರಿಗೆ ತೋರಿಸಿ. ಯಾವ ಏಟಿನಲ್ಲಿ ಅವರ ಮುಖ ಬದಲಾಗಲಿಲ್ಲವೋ ಆ ಶಾಟನ್ನು ತೆಗೆದುಹಾಕಿ. ಇಪ್ಪತ್ತೈದರಲ್ಲಿ ಹದಿನೆಂಟು ಉಳಿದರೂ ದೃಶ್ಯಕ್ಕೆ ಕೊರತೆಯಾಗುವುದಿಲ್ಲ.